ತುಂಡಾದ ಬೆರಳಿಗೆ ಮತ್ತೆ ಜೀವ ಬರುವುದು ಹೇಗೆ? ರಕ್ತನಾಳ ಹೊಲಿಯಲು ಕಲಿಸಿದ ಅಲೆಕ್ಸಿಸ್ ಕ್ಯಾರೆಲ್

ತುಂಡಾದ ಬೆರಳನ್ನು ಐಸ್‌ನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ ಸಾಕು, ಜೋಡಿಸಿಬಿಡುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಮಾತ್ರ ನಿಜ. ಮೂಳೆ, ಚರ್ಮ ಸೇರಿಸಿದ ಮಾತ್ರಕ್ಕೆ ಬೆರಳು ಉಳಿಯುವುದಿಲ್ಲ, ಅದರೊಳಗೆ ಮತ್ತೆ ರಕ್ತ ಹರಿಯಬೇಕು. ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಪ್ರಮುಖರು ಫ್ರಾನ್ಸ್‌ನ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್.

ಅವರು ಹುಟ್ಟಿದ್ದು 1873ರಲ್ಲಿ, ಲಿಯಾನ್ ನಗರದ ಬಳಿ. ವೈದ್ಯಕೀಯ ಓದುತ್ತಿದ್ದಾಗ, 1894ರ ಜೂನ್‌ನಲ್ಲಿ, ಅದೇ ನಗರದಲ್ಲಿ ಫ್ರಾನ್ಸ್ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಚೂರಿಯಿಂದ ಇರಿಯಲಾಯಿತು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಕತ್ತರಿಸಿತ್ತು. ವೈದ್ಯರಿಗೆ ಅದನ್ನು ಸರಿಪಡಿಸಲಾಗಲಿಲ್ಲ. ಕೆಲವೇ ಗಂಟೆಗಳಲ್ಲಿ ಅಧ್ಯಕ್ಷರು ತೀರಿಕೊಂಡರು. ಈ ಸಾವು ಕ್ಯಾರೆಲ್ ಅವರನ್ನು ಕಾಡಿತು.

ಲಿಯಾನ್ ರೇಷ್ಮೆಗೆ ಹೆಸರಾದ ಊರು. ಅಲ್ಲಿನ ಕಸೂತಿ ಮಹಿಳೆಯೊಬ್ಬರಿಂದ ಅವರು ನವಿರಾದ ಹೊಲಿಗೆ ಕಲಿತು, 1902ರಲ್ಲಿ ತಮ್ಮ ವಿಧಾನ ಪ್ರಕಟಿಸಿದರು. ನಾಳದ ದುಂಡನೆಯ ಅಂಚಿಗೆ ಸಮ ಅಂತರದಲ್ಲಿ ಮೂರು ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ಆಮೇಲೆ ಒಂದೊಂದೇ ಬದಿಯನ್ನು ನೇರವಾಗಿ ಹೊಲಿಯಬಹುದು. ದಾರಕ್ಕೆ ವ್ಯಾಸಲೀನ್ ಸವರುತ್ತಿದ್ದರು. ನಾಳದ ಒಳಪದರಕ್ಕೆ ಪೆಟ್ಟಾದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ, ಅದಕ್ಕೇ ಈ ಎಚ್ಚರ.

1904ರಲ್ಲಿ ಫ್ರಾನ್ಸ್ ಬಿಟ್ಟ ಅವರು ಮುಂದೆ ಷಿಕಾಗೊ, ನ್ಯೂಯಾರ್ಕ್‌ಗಳಲ್ಲಿ ನಾಯಿಗಳ ಮೂತ್ರಪಿಂಡ, ಕಾಲು ಜೋಡಿಸುವ ಪ್ರಯೋಗ ನಡೆಸಿದರು. 1912ರಲ್ಲಿ ನೊಬೆಲ್ ಬಂತು. ಆದರೆ ಇದೇ ವ್ಯಕ್ತಿ 1935ರ ಪುಸ್ತಕದಲ್ಲಿ ಕೆಲವು ಬಗೆಯ ಅಪರಾಧಿಗಳನ್ನು ವಿಷಾನಿಲದಿಂದ ಕೊಲ್ಲಬಹುದೆಂದು ಬರೆದರು ಎಂಬುದನ್ನೂ ನಾವು ಮರೆಯಬಾರದು. 1944ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು.

1962ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 12 ವರ್ಷದ ಬಾಲಕನ ತುಂಡಾದ ತೋಳನ್ನು ಜೋಡಿಸಲಾಯಿತು. 1965ರಲ್ಲಿ ಜಪಾನಿನ ವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ಹೆಬ್ಬೆರಳನ್ನೇ ಜೋಡಿಸಿದರು.

ರಕ್ತ ತರುವ ನಾಳದ ಜೊತೆಗೆ ರಕ್ತ ಹಿಂದಕ್ಕೆ ಒಯ್ಯುವ ನಾಳವೂ ಕೆಲಸ ಮಾಡಬೇಕು. ರಕ್ತ ಬರದಿದ್ದರೆ ಬೆರಳು ಬಿಳಿಚಿ ತಣ್ಣಗಾಗುತ್ತದೆ. ವಾಪಸ್ ಹೋಗದಿದ್ದರೆ ಊದಿ ನೀಲಿಗಟ್ಟುತ್ತದೆ. ಶಸ್ತ್ರಚಿಕಿತ್ಸೆಯ ನಂತರ ದಾದಿಯರು ಬೆರಳಿನ ಬಣ್ಣವನ್ನು ಪದೇ ಪದೇ ನೋಡುವುದು ಇದಕ್ಕೇ.

ಹಾಗಾದರೆ ಐಸ್ ಬೇಡವೇ? ಬೇಕು, ಆದರೆ ನೇರವಾಗಿ ಅಲ್ಲ. ಐಸ್ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಹಾಳಾಗುತ್ತವೆ. ಮೊದಲು ಗಾಯವನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಡಿ. ತಂಪಿನಿಂದ ಸಿಗುವುದು ಕೆಲವು ಗಂಟೆಗಳ ಅವಕಾಶ ಅಷ್ಟೇ, ಆದ್ದರಿಂದ ತಡಮಾಡದೆ ಆಸ್ಪತ್ರೆ ಸೇರಿ.