ಎರಡು ಸಲ ಕುರ್ಚಿ ಬಿಟ್ಟ ಇಂಜಿನಿಯರ್

ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ನಮಗೆಲ್ಲ ಕೆ.ಆರ್.ಎಸ್., ಭಾರತ ರತ್ನ, ಮೈಸೂರು ಪೇಟ ಮತ್ತು ಸೆಪ್ಟೆಂಬರ್ 15ರ ಇಂಜಿನಿಯರ್ಸ್ ಡೇ. ಆದರೆ ಅವರು ಎರಡು ಸಲ ದೊಡ್ಡ ಕೆಲಸ ಬಿಟ್ಟು ಎದ್ದು ಬಂದವರು, ಎರಡೂ ಸಲ ಅದರ ಹಿಂದೆ ಆ ಕಾಲದ ರಾಜಕೀಯ ಇತ್ತು ಅನ್ನೋದನ್ನು ನಾವು ಅಷ್ಟಾಗಿ ಮಾತಾಡಲ್ಲ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ತಂದೆ ಸಂಸ್ಕೃತ ಪಂಡಿತರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಟ್ಯೂಷನ್ ಹೇಳಿ ಖರ್ಚು ನೋಡಿಕೊಂಡ ಹುಡುಗ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪುಣೆಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಗೆ ಫಸ್ಟ್ ಬಂದ. ಮುಂದಿನ ವರ್ಷವೇ ಬಾಂಬೆ ಸರ್ಕಾರದ ಪಿಡಬ್ಲ್ಯೂಡಿಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ ಸಿಕ್ತು.

ಆಗ ನವಲಗುಂದ ತಾಲೂಕಿನ ನಮ್ಮ ತಿರ್ಲಾಪುರವೂ ಬಾಂಬೆ ಪ್ರಾಂತ್ಯದಲ್ಲೇ ಇತ್ತು. ಹಂಗಾಗಿ ಅವರು ಮೈಸೂರಿನವರಾಗೋ ಮೊದಲು ನಮ್ಮ ಸರ್ಕಾರದ ನೌಕರರು! ಧಾರವಾಡ, ವಿಜಾಪುರದ ನೀರು ಸರಬರಾಜು ಯೋಜನೆಗಳಲ್ಲೂ ಅವರ ಕೈ ಇತ್ತು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರು ಮಾಡಿದ ಆಟೋಮ್ಯಾಟಿಕ್ ಗೇಟ್ ಸಿವಿಲ್‌ನವರಿಗೆ ಗೊತ್ತಿರುತ್ತೆ. ನೀರು ಒಂದು ಮಟ್ಟ ದಾಟಿದರೆ ತಾನಾಗಿ ತೆರೆಯುತ್ತೆ, ಇಳಿದರೆ ತಾನಾಗಿ ಮುಚ್ಚುತ್ತೆ. ಕಟ್ಟೆಯ ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬಹುದು.

ಇಷ್ಟೆಲ್ಲ ಮಾಡಿದರೂ ಮೇಲೆ ಏರೋಕೆ ದಾರಿ ಇರಲಿಲ್ಲ. ಚೀಫ್ ಇಂಜಿನಿಯರ್ ಕುರ್ಚಿ ಬ್ರಿಟಿಷರಿಗೇ ಮೀಸಲು ಅನ್ನೋ ಹಾಗಿತ್ತು. 1908ರಲ್ಲಿ, ಸರ್ವಿಸ್‌ಗೆ 25 ವರ್ಷ ತುಂಬೋ ಮೊದಲೇ, ಅವರು ಹೊರಬಿದ್ದರು. ನಷ್ಟ ಆಗಿದ್ದು ಬಾಂಬೆಗೆ. ಅದೇ ವರ್ಷ ಮೂಸಿ ನದಿ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದ್ ಅವರನ್ನು ಕರೆಸಿಕೊಂಡಿತು. 1909ರಲ್ಲಿ ಮೈಸೂರು ಚೀಫ್ ಇಂಜಿನಿಯರ್ ಮಾಡಿತು, 1912ರಲ್ಲಿ ದಿವಾನರನ್ನಾಗಿ ಮಾಡಿತು. ಮುಂದಿನ ಆರು ವರ್ಷದಲ್ಲಿ ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಎಲ್ಲ ಶುರುವಾದವು.

ಎರಡನೇ ಸಲ ಬಿಟ್ಟಿದ್ದು 1918ರಲ್ಲಿ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ನಮಗೂ ಪಾಲು ಬೇಕು ಅಂತ ಉಳಿದ ಸಮುದಾಯಗಳು ಕೇಳಿದವು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅದಕ್ಕಾಗಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆ ಬಿಟ್ಟು ಜಾತಿ ನೋಡಿದರೆ ಆಡಳಿತ ಕುಸಿಯುತ್ತೆ, ಶಿಕ್ಷಣ ಹರಡಿದರೆ ಎಲ್ಲರೂ ತಾವೇ ಮೇಲೆ ಬರ್ತಾರೆ ಅನ್ನೋದು ದಿವಾನರ ನಂಬಿಕೆ. ಅದನ್ನು ಬಿಟ್ಟುಕೊಡದೆ ದಿವಾನಗಿರಿಯನ್ನೇ ಬಿಟ್ಟರು.

ಇಲ್ಲಿ ನಮಗೆ ಸ್ವಲ್ಪ ಕಷ್ಟ ಆಗುತ್ತೆ. ಬಾಂಬೆಯಲ್ಲಿ ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚಿದ್ದನ್ನು ಸ್ವತಃ ಕಂಡವರಿಗೆ, ಮೈಸೂರಿನಲ್ಲಿ ಬಾಗಿಲ ಹೊರಗೆ ನಿಂತವರ ಅವಸರ ಯಾಕೆ ಅರ್ಥ ಆಗಲಿಲ್ಲ? ಮನೆಯಲ್ಲಿ ಯಾರೂ ಓದದೇ ಇದ್ದ ಹುಡುಗನಿಗೆ ಶಾಲೆ ಹರಡೋವರೆಗೆ ಕಾಯಿ ಅಂದ್ರೆ ಎಷ್ಟು ತಲೆಮಾರು ಕಾಯಬೇಕು? ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಹೊಲ ಉಳೋ ಮನೆಗಳಿಂದ ಮೀಸಲಾತಿ ಸೀಟಲ್ಲಿ ಬಂದು ಇವತ್ತು ಇದೇ ಕ್ಯಾಂಪಸ್ಸಿನಲ್ಲಿ ಓದ್ತಿರೋ ನಮ್ಮಲ್ಲಿ ಎಷ್ಟೋ ಜನರ ದಾರಿ ಅಂಥ ವರದಿಗಳಿಂದಲೇ ತೆರೆದಿದ್ದು. ಹಾಗಂತ ಅವರ ಪ್ರಾಮಾಣಿಕತೆಯನ್ನು ಅನುಮಾನಿಸೋ ಹಾಗೂ ಇಲ್ಲ. ಕುರ್ಚಿಗೆ ಅಂಟಿಕೊಂಡು ಒಳಗಿಂದಲೇ ಅಡ್ಡಗಾಲು ಹಾಕೋದು ಅವರಿಗೆ ಬರುತ್ತಿರಲಿಲ್ಲ.

ಸಿಟ್ಟು ಮಾಡಿಕೊಂಡು ದೂರ ಉಳಿಯಲೂ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಮೈಸೂರು ಮತ್ತೆ ಕರೆಯಿತು. 1923ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ ಅಧ್ಯಕ್ಷರಾಗಿ ಹೋಗಿ ಆರು ವರ್ಷ ದುಡಿದರು. 1962ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಪ್ಲೇಸ್‌ಮೆಂಟ್ ಆದಮೇಲೆ ನಮ್ಮಲ್ಲೂ ಬಹಳ ಜನ ಊರು, ರಾಜ್ಯ ಬಿಟ್ಟು ಹೋಗ್ತೀವಿ. ಹೋಗೋದು ತಪ್ಪಲ್ಲ, ಅವರೂ ಹೋದವರೇ. ಕರೆ ಬಂದಾಗ ಹಳೇ ಲೆಕ್ಕ ಬದಿಗಿಟ್ಟು ವಾಪಸ್ ಬರೋದು ಕಷ್ಟ. ಅದನ್ನು ಅವರಿಂದ ಕಲಿಯೋಣ.