ಗುಹೆಯಲ್ಲಿ ಹೊಳೆಯುವ ‘ಪಾಚಿ’: ನಿಜವೆಷ್ಟು? ಹೆಸರಿನ ಹಿಂದಿರುವ ಡಾಕ್ಟರ್ ಯಾರು?

ಗುಹೆಯ ಕತ್ತಲಲ್ಲಿ ಹಸಿರು-ಚಿನ್ನದ ಬಣ್ಣದಲ್ಲಿ ಹೊಳೆಯುವ ‘ಪಾಚಿ’ಯ ಫೋಟೊ ನಿಮಗೂ ಬಂದಿರಬಹುದು. ಅಂಥ ಸಸ್ಯ ನಿಜಕ್ಕೂ ಇದೆ. ಆದರೆ ಅದು ಪಾಚಿಯಲ್ಲ, ಹಾವಸೆ. ಹೆಸರು ಶಿಸ್ಟೊಸ್ಟೆಗಾ ಪೆನ್ನೇಟಾ. ಇದರಲ್ಲಿ ‘ಪೆನ್ನೇಟಾ’, ಅಂದರೆ ಗರಿಯಂಥದ್ದು ಎಂಬ ಭಾಗ ಯೋಹಾನ್ ಹೆಡ್ವಿಗ್ ಎಂಬ ವೈದ್ಯರಿಂದ ಬಂದದ್ದು.

ಹೆಡ್ವಿಗ್ ಹುಟ್ಟಿದ್ದು 1730ರಲ್ಲಿ, ಇಂದಿನ ರೊಮೇನಿಯಾದ ಬ್ರಾಶೋವ್‌ನಲ್ಲಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವೈದ್ಯಕೀಯ ಓದಿದರು. ಪದವಿ ಆಸ್ಟ್ರಿಯಾದ್ದಲ್ಲ ಎಂದು ಹುಟ್ಟೂರಿನಲ್ಲಿ ವೃತ್ತಿಗೆ ಅನುಮತಿ ಸಿಗಲಿಲ್ಲ. ಹಾಗಾಗಿ ಜರ್ಮನಿಯ ಕೆಮ್ನಿಟ್ಸ್‌ನಲ್ಲೇ ಸುಮಾರು 20 ವರ್ಷ ರೋಗಿಗಳನ್ನು ನೋಡಿದರು. ಬೆಳಗ್ಗೆ ಗಿಡ ಹುಡುಕುವುದು, ಹಗಲು ಚಿಕಿತ್ಸೆ, ಸಂಜೆ ಸೂಕ್ಷ್ಮದರ್ಶಕ: ಇದೇ ಅವರ ದಿನಚರಿ.

ಹಾವಸೆಯ ತುದಿಯಲ್ಲಿರುವ ಪುಟ್ಟ ಡಬ್ಬಿಯನ್ನು ಹೆಸರಾಂತ ವಿಜ್ಞಾನಿ ಲಿನೇಯಸ್ ಹೂವಿನ ಪರಾಗಕೋಶ ಎಂದುಕೊಂಡಿದ್ದರು. ಅದರೊಳಗೆ ಇರುವುದು ಪರಾಗವಲ್ಲ, ಹೊಸ ಸಸ್ಯ ಹುಟ್ಟಿಸುವ ಬೀಜಕಗಳು. ಗಂಡು-ಹೆಣ್ಣು ಅಂಗಗಳು ಬೇರೆಯೇ ಇವೆ ಎಂದು ಹೆಡ್ವಿಗ್ ತೋರಿಸಿಕೊಟ್ಟರು. 1789ರಲ್ಲಿ ಲೈಪ್‌ಜಿಗ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಹಾವಸೆಗಳ ದೊಡ್ಡ ಗ್ರಂಥ ಅಚ್ಚಾಗುವ ಮೊದಲೇ, 1799ರಲ್ಲಿ ತೀರಿಕೊಂಡರು. ಶ್ವೆಗ್ರಿಶೆನ್ ಅದನ್ನು 1801ರಲ್ಲಿ ಹೊರತಂದರು.

ಆ ಪುಸ್ತಕಕ್ಕೆ ಸಿಕ್ಕ ಗೌರವ ದೊಡ್ಡದು. ಹೂಬಿಡುವ ಸಸ್ಯಗಳ ಹೆಸರುಗಳಿಗೆ ಲಿನೇಯಸ್‌ರ 1753ರ ಗ್ರಂಥವೇ ಆರಂಭ. ಸ್ಫ್ಯಾಗ್ನಮ್ ಗುಂಪು ಬಿಟ್ಟರೆ ಉಳಿದ ಹಾವಸೆಗಳಿಗೆ ಆರಂಭ ಹೆಡ್ವಿಗ್‌ರ 1801ರ ಪುಸ್ತಕ. ನಮ್ಮ ಹೊಳೆಯುವ ಹಾವಸೆಗೆ ಬ್ರಿಟನ್ನಿನ ಜೇಮ್ಸ್ ಡಿಕ್ಸನ್ 1785ರಲ್ಲೇ ಬೇರೆ ಹೆಸರಿಟ್ಟಿದ್ದರು. ಆದರೂ ಈ ನಿಯಮದಿಂದಾಗಿ ಹೆಡ್ವಿಗ್ ಕೊಟ್ಟ ‘ಪೆನ್ನೇಟಾ’ ಉಳಿಯಿತು. ಅವರು ಸೇರಿಸಿದ್ದ ಕುಲ ಮಾತ್ರ ಮುಂದೆ ಬದಲಾಯಿತು.

ಇದು ಎಲ್ಲಿ ಬೆಳೆಯುತ್ತದೆ? ಯೂರೋಪ್, ಜಪಾನ್, ಉತ್ತರ ಅಮೆರಿಕದಂಥ ಉತ್ತರದ ತಂಪು ನಾಡುಗಳಲ್ಲಿ, ಗುಹೆಯ ಬಾಯಿ, ಬಂಡೆಯ ಸಂದು, ಮಣ್ಣಿನ ಪೊಟರೆಗಳಲ್ಲಿ. ಹಲವೆಡೆ ಅಪರೂಪ; ಜಪಾನಿನಲ್ಲಿ ಇದರ ಕೆಲವು ತಾಣಗಳಿಗೆ ಕಾನೂನಿನ ರಕ್ಷಣೆಯಿದೆ.

ಹಾಗಾದರೆ ಹೊಳಪು? ಎಳೆಯ ಹಾವಸೆಯ ದಾರದಂಥ ಭಾಗದಲ್ಲಿ ಮಸೂರದಂಥ ಜೀವಕೋಶಗಳಿವೆ. ಅವು ಮಂದ ಬೆಳಕನ್ನು ಹಸಿರು ಕಣಗಳ ಮೇಲೆ ಕೇಂದ್ರೀಕರಿಸುತ್ತವೆ. ಉಳಿದ ಬೆಳಕು ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ರಾತ್ರಿ ಟಾರ್ಚ್ ಬೆಳಕಿಗೆ ಬೆಕ್ಕಿನ ಕಣ್ಣು ಹೊಳೆದಂತೆ. ಪೂರ್ತಿ ಕತ್ತಲಾದರೆ ಹೊಳಪೂ ಇಲ್ಲ.

ಮುಂದಿನ ಸಲ ಆ ಫೋಟೊ ಬಂದರೆ, ‘ತಾನೇ ಬೆಳಗುವ ಪಾಚಿ’ ಎಂಬ ಸಾಲನ್ನು ತಿದ್ದಿ ಕಳಿಸಿ. ಕಣ್ಣಿಟ್ಟು ನೋಡಿ ತಪ್ಪು ತಿದ್ದಿದ ಡಾಕ್ಟರಿಗೆ ಅದೇ ತಕ್ಕ ಮರ್ಯಾದೆ.