ಶೋಧನೆಗಳನ್ನು ಗೆದ್ದ ವನವಾಸಿ ಸಂತ ಅಂತೋಣಿಯವರು

ಸಂತ ಅಂತೋಣಿ ಎಂದ ಕೂಡಲೇ ಭಕ್ತಾದಿಗಳಿಗೆ ಬಾಲಯೇಸುವನ್ನು ಎತ್ತಿಕೊಂಡ ಪಾದುವಾದ ಅಂತೋಣಿಯವರು ನೆನಪಿಗೆ ಬರುತ್ತಾರೆ. ಇವರು ಅವರಲ್ಲ. ಅವರಿಗಿಂತ 900 ವರ್ಷಗಳಿಗೂ ಮೊದಲು ಈಜಿಪ್ಟ್ ದೇಶದಲ್ಲಿ ಬಾಳಿದ ತಪಸ್ವಿ. ಇವರ ಹಬ್ಬ ಜನವರಿ 17.

ಕ್ರಿ.ಶ. 251ರ ಸುಮಾರಿಗೆ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದ ಅಂತೋಣಿಯವರು ಇಪ್ಪತ್ತರ ಆಸುಪಾಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಉಳಿದದ್ದು ಒಬ್ಬ ಪುಟ್ಟ ತಂಗಿ ಮತ್ತು ಸುಮಾರು 200 ಎಕರೆ ಒಳ್ಳೇ ಜಮೀನು. ಒಂದು ದಿನ ದೇವಾಲಯದಲ್ಲಿ ಮತ್ತಾಯನ ಶುಭಸಂದೇಶದ ವಾಚನವಾಗುತ್ತಿತ್ತು. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತಮ್ಮ ಹಿಂದೆ ಬರುವಂತೆ ಯೇಸುಸ್ವಾಮಿ ಧನಿಕ ಯುವಕನಿಗೆ ಹೇಳಿದ ಭಾಗ ಅದು. ಆ ಯುವಕ ವ್ಯಸನದಿಂದ ಹೊರಟುಹೋದ. ಅಂತೋಣಿಯವರು ಹಾಗೆ ಮಾಡಲಿಲ್ಲ. ಜಮೀನನ್ನು ಊರವರಿಗೆ ಬಿಟ್ಟುಕೊಟ್ಟು, ತಂಗಿಯನ್ನು ನಂಬಿಕಸ್ಥ ಕನ್ಯೆಯರ ಆಶ್ರಯದಲ್ಲಿರಿಸಿ, ತಪಸ್ಸಿಗೆ ಕುಳಿತರು.

ಅಲ್ಲಿಂದ ಶೋಧನೆ ಶುರುವಾಯಿತು. ಸೈತಾನ ಮೊದಲು ಹೆದರಿಸಲಿಲ್ಲ, ನೆನಪು ಮಾಡಿಕೊಟ್ಟ. ಬಿಟ್ಟುಬಂದ ಆಸ್ತಿ, ತಂಗಿಯ ಗತಿ, ರುಚಿಯಾದ ಊಟ ಎಲ್ಲಾ ಕಣ್ಣ ಮುಂದೆ ತಂದ. ಅಂತೋಣಿಯವರು ಜಗ್ಗಲಿಲ್ಲ. ದಿನಕ್ಕೊಮ್ಮೆ ರೊಟ್ಟಿ, ಉಪ್ಪು, ನೀರು ಅಷ್ಟೇ. ಆಮೇಲೆ ಸಮಾಧಿಗುಹೆಯೊಂದರಲ್ಲಿ ದುರಾತ್ಮಗಳು ಅವರನ್ನು ಪ್ರಜ್ಞೆ ತಪ್ಪುವಷ್ಟು ಹೊಡೆದವು. ಎದ್ದು ನಿಲ್ಲಲಾಗದಿದ್ದರೂ ಅವರು ಮಲಗಿದ್ದಲ್ಲೇ ಪ್ರಾರ್ಥಿಸಿದರು. ಕೊನೆಗೆ ಮೇಲಿನಿಂದ ಬೆಳಕು ಇಳಿದಾಗ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಪ್ರಭುವನ್ನು ಕೇಳಿಯೇಬಿಟ್ಟರು. ಪ್ರಭು ಮೊದಲಿನಿಂದಲೂ ಪಕ್ಕದಲ್ಲೇ ಇದ್ದು ಅವರ ಹೋರಾಟ ನೋಡುತ್ತಿದ್ದರೆಂದು ಆಗ ಅವರಿಗೆ ತಿಳಿಯಿತು. ಸಂತ ಅಥನಾಸಿಯುಸರು ಬರೆದ ಜೀವನಚರಿತ್ರೆಯಲ್ಲಿ ಇದೆಲ್ಲಾ ಇದೆ.

ಅಲ್ಲಿಗೇ ಮುಗೀಲಿಲ್ಲ. 35ನೇ ವಯಸ್ಸಿನ ಹೊತ್ತಿಗೆ ಪಾಳುಬಿದ್ದ ಕೋಟೆಯೊಂದನ್ನು ಸೇರಿ 20 ವರ್ಷ ಒಬ್ಬರೇ ಇದ್ದರು. ಹೊರಗೆ ಬಂದಾಗ ಸೊರಗಿರಲೂ ಇಲ್ಲ, ಮನಸ್ಸು ಕೆಟ್ಟಿರಲೂ ಇಲ್ಲ. 311ರಲ್ಲಿ ಕ್ರೈಸ್ತರಿಗೆ ಹಿಂಸೆಯಾದಾಗ ಅಲೆಕ್ಸಾಂಡ್ರಿಯಾ ಪಟ್ಟಣಕ್ಕೆ ಹೋಗಿ ಸೆರೆಯಲ್ಲಿದ್ದವರಿಗೆ ಧೈರ್ಯ ಹೇಳಿದರು. ನಂತರ ಕೆಂಪು ಸಮುದ್ರದ ಕಡೆಯ ಬೆಟ್ಟದಲ್ಲಿ ನೆಲೆಸಿ, ಬುಟ್ಟಿ ಹೆಣೆದು, ತಮ್ಮ ಅನ್ನ ತಾವೇ ಬೆಳೆದುಕೊಂಡು, ಬಂದವರ ಕಷ್ಟಕ್ಕೆ ಪ್ರಾರ್ಥಿಸಿದರು. 356ರಲ್ಲಿ, 105ನೇ ವಯಸ್ಸಿನಲ್ಲಿ ಪ್ರಭುವಿನ ಪಾದ ಸೇರಿದರು. ಇವತ್ತಿಗೂ ಅಲ್ಲಿಯ ಯಾತ್ರಿಕರು ಮೆಟ್ಟಿಲು ಹತ್ತಿ ಅವರ ಗುಹೆಯಲ್ಲಿ ಪ್ರಾರ್ಥಿಸುತ್ತಾರೆ.

ಪ್ರಿಯ ಭಕ್ತಾದಿಗಳೇ, ಬೆಂಗಾಡಿನಲ್ಲಿ 40 ದಿನ ಉಪವಾಸವಿದ್ದ ಯೇಸುಸ್ವಾಮಿಯನ್ನೇ ಸೈತಾನ ಶೋಧಿಸಿದ. ಸೋತ ಮೇಲೂ ಅವನು ಬಿಟ್ಟುಹೋದದ್ದು ತಕ್ಕ ಸಮಯ ಬರುವವರೆಗೆ ಮಾತ್ರ ಎನ್ನುತ್ತದೆ ಲೂಕನ ಶುಭಸಂದೇಶ. ಆದ್ದರಿಂದ ಹರಕೆ ತೀರಿಸಿ ಮನೆಗೆ ಹೋದ ಮೇಲೂ ಶೋಧನೆ ಬಂದರೆ ಎದೆಗುಂದಬೇಡಿ. ಪ್ರಭು ದೂರ ಹೋದರೆಂದು ತಿಳಿಯಬೇಡಿ. ಪಕ್ಕದಲ್ಲೇ ಇದ್ದಾರೆ. ಸಂತ ಅಂತೋಣಿಯವರೇ, ನಮಗಾಗಿ ಪ್ರಾರ್ಥಿಸಿರಿ.